ಕ್ಯಾತಣ್ಣನ ರೊಪ್ಪಕ್ಕೆ ಬಿದ್ದ ಹಳದಿ ಬಣ್ಣ

ಕ್ಯಾತಣ್ಣನಿಗೆ ತನ್ನ ಹತ್ತಿರ ಎಷ್ಟು ಕುರಿಗಳಿವೆ ಎಂದು ಗೊತ್ತಿಲ್ಲ. ಐವತ್ತೆಂಟು ವರ್ಷದಲ್ಲಿ ಐವತ್ತನ್ನು ಕುರಿಗಳ ಹಿಂದೆಯೇ ಕಳೆದ ಮನುಷ್ಯ ಹೀಗೆಂದರೆ ಯಾರೂ ನಂಬುವುದಿಲ್ಲ, ಆದರೆ ಮಾತು ನಿಜ. ಹೊತ್ತು ಇಳಿದ ಮೇಲೆ ರೊಪ್ಪದ ಬಾಯಲ್ಲಿ, ಅಂದರೆ ಜಾಲಿಮುಳ್ಳಿನ ಬೇಲಿ ಸುತ್ತಿದ ಕುರಿದೊಡ್ಡಿಯ ಬಾಗಿಲಲ್ಲಿ, ಅವನು ಕೋಲು ಅಡ್ಡ ಹಿಡಿದು ನಿಲ್ಲುತ್ತಾನೆ. ಕುರಿಗಳು ಅವನ ಮೊಣಕಾಲು ಉಜ್ಜಿಕೊಂಡು ಒಳಗೆ ನುಗ್ಗುತ್ತವೆ. ಅವನು ಎಣಿಸುವುದಿಲ್ಲ, ನೋಡುತ್ತಾನೆ. ಬಿಳಿಕಿವಿ ಬಂದಳು. ಸುಟ್ಟಮೂತಿ ಬಂದಳು. ಮೋಟುಬಾಲದವನು ಬಂದ. ಯಾವುದಾದರೂ ಬರದಿದ್ದರೆ ಬಾಯಲ್ಲಿ ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ ಅವನ ಮನಸ್ಸು ನೇರ ಅಲ್ಲಿಗೇ ಹೋಗುತ್ತದೆ.

ಎಣಿಸದಿರುವುದಕ್ಕೆ ಕಾರಣವಿದೆ. ಅವನ ಊರು ಕಾರೆಹಟ್ಟಿಯಲ್ಲಿ ಮಂದೆಯ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಯಾತಣ್ಣನ ಅಪ್ಪ ಚಿಕ್ಕಹನುಮಯ್ಯ ಒಂದು ಸಲ ಮರೆತು, ಜಾನುವಾರು ಗಣತಿಗೆ ಬಂದವನ ಮುಂದೆ ಸರಿಯಾದ ಸಂಖ್ಯೆ ಹೇಳಿಬಿಟ್ಟಿದ್ದ. ಆ ಮಳೆಗಾಲ ನೀಲಿನಾಲಿಗೆ ರೋಗ ಬಂದು ಅರ್ಧ ಮಂದೆ ಹೋಯಿತು. ರೋಗ ಹರಡಿದ್ದು ನುಸಿ ಎಂದು ದನದ ಡಾಕ್ಟರು ತಿಳಿಸಿ ಹೇಳಿದರು. ಚಿಕ್ಕಹನುಮಯ್ಯ ಒಪ್ಪಲಿಲ್ಲ. "ನುಸಿ ವರ್ಸಾ ವರ್ಸಾ ಬತ್ತದೆ ಸಾ. ಗಣತಿಯೋನು ಈ ವರ್ಸ ತಾನೆ ಬಂದಿದ್ದು" ಎಂದ. ಅಂದಿನಿಂದ ಆ ಮನೆಯಲ್ಲಿ ಯಾರು ಕೇಳಿದರೂ ಒಂದೇ ಉತ್ತರ: ನಾಲ್ಕೈದವೆ.

ರೊಪ್ಪ ಇರುವುದು ಅವರ ಸ್ವಂತ ನೆಲದಲ್ಲಲ್ಲ. ಹುಳಿಯಾರಿನಿಂದ ಕಂದಿಕೆರೆ ಕಡೆಗೆ ಹೋಗುವ ದಾರಿಯಲ್ಲಿ ಏಕಾಂತಯ್ಯನವರ ತೆಂಗಿನ ತೋಟವಿದೆ. ತೋಟದ ಕೊನೆಗೆ ಕಲ್ಲುದಿಣ್ಣೆ, ಅರ್ಧ ಎಕರೆಯಷ್ಟು. ಅಲ್ಲಿ ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆಯೇ ಹೊರತು ಮಣ್ಣು ಏಳುವುದಿಲ್ಲ. ನಲವತ್ತು ವರ್ಷದ ಹಿಂದೆ ಏಕಾಂತಯ್ಯ ಮತ್ತು ಚಿಕ್ಕಹನುಮಯ್ಯ ಆ ದಿಣ್ಣೆಯ ಮೇಲೆ ನಿಂತು ಮಾತಾಡಿಕೊಂಡಿದ್ದರು. ರೊಪ್ಪ ದಿಣ್ಣೆಯ ಮೇಲೆ, ಗೊಬ್ಬರ ತೋಟಕ್ಕೆ. ಬೇಸಿಗೆಯಲ್ಲಿ ಒಂದು ತಿಂಗಳು ಮಂದೆಯನ್ನು ರಾತ್ರಿ ಹೊತ್ತು ತೆಂಗಿನ ಸಾಲುಗಳ ನಡುವೆ ತರುಬಿ ನಿಲ್ಲಿಸಬೇಕು. ಸಸಿ ಆಳೆತ್ತರ ಆಗುವತನಕ ಆ ಸಾಲಿಗೆ ಕುರಿ ಬಿಡುವಂತಿಲ್ಲ. ಒಣಗರಿ ಬೇಲಿಗೆ ಎಳೆದುಕೊಳ್ಳಬಹುದು, ಕಾಯಿ ಮುಟ್ಟುವಂತಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ. ನಲವತ್ತು ವರ್ಷದಲ್ಲಿ ಜಗಳವಾಗಿದ್ದು ಒಂದೇ ಸಲ, ಅದೂ ಒಂದು ಟಗರು ಏಕಾಂತಯ್ಯನವರ ಪಂಚೆ ತಿಂದಾಗ.

ಕೊಬ್ಬರಿ ಬೆಲೆ ಕುಸಿದ ವರ್ಷ ಏಕಾಂತಯ್ಯ ಹಟ್ಟಿಯವರನ್ನೂ ಲಾರಿ ಹತ್ತಿಸಿಕೊಂಡು ತಿಪಟೂರಿಗೆ ಧರಣಿಗೆ ಹೋಗಿದ್ದರು. ಕ್ಯಾತಣ್ಣನಿಗೆ ಆಗ ಮೀಸೆ ಚಿಗುರುವ ವಯಸ್ಸು. ಗಂಟಲು ಕಟ್ಟುವಂತೆ ಕೂಗಿದ. "ನಿಂಗೆ ಎಷ್ಟು ತೆಂಗಿನ ಮರ ಅವೆಯಲಾ?" ಎಂದು ಪೊಲೀಸಿನವನು ಲಾಠಿಯಿಂದ ತಿವಿದು ಕೇಳಿದಾಗ, "ಒಂದೂ ಇಲ್ಲ ಸಾ. ಅವ್ರ ಮರ ಉಳುದ್ರೆ ನಮ್ಮ ರೊಪ್ಪ ಉಳೀತದೆ" ಎಂದಿದ್ದ. ಅವನ ಬದುಕಿನಲ್ಲಿ ಹೋರಾಟ ಎಂದು ಕರೆಯಬಹುದಾದ್ದು ಅದೊಂದೇ. ಅದರಲ್ಲೂ ಊಟದ ಹೊತ್ತಿಗೆ ಮೆಲ್ಲಗೆ ವಾಪಸು ಬಂದಿದ್ದ, ಕುರಿಗೆ ನೀರು ಕುಡಿಸುವವರು ಇರಲಿಲ್ಲ.

ಈಗ ಏಕಾಂತಯ್ಯನೂ ಇಲ್ಲ, ಚಿಕ್ಕಹನುಮಯ್ಯನೂ ಇಲ್ಲ. ಹೆದ್ದಾರಿ ಅಗಲವಾಗಿದೆ. ರಸ್ತೆ ಅಗಲವಾದರೆ ಹಿಂದೆಯೇ ನಕ್ಷೆ ಬರುತ್ತದೆ. ಹೊಸದಾಗಿ ಹುಟ್ಟಿದ ಯಾವುದೋ ಯೋಜನಾ ಪ್ರಾಧಿಕಾರದ ಸರಹದ್ದಿಗೆ ಹನ್ನೊಂದು ಹಳ್ಳಿಗಳು ಸೇರಿದವು. ಸೇರಿದ ವಿಷಯ ಹಳ್ಳಿಗಳಿಗೆ ಆರು ತಿಂಗಳಾದ ಮೇಲೆ ಗೊತ್ತಾಯಿತು.

ಮೊದಲು ಬಂದವಳು ಸ್ಪಂದನ ಎಂಬ ಹುಡುಗಿ. ಕೈಯಲ್ಲಿ ಟ್ಯಾಬು, ತಲೆಗೆ ದುಪಟ್ಟ. ಯಾವ ನೆಲ ಈಗ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಬರೆದುಕೊಳ್ಳುವುದು ಅವಳ ಕೆಲಸ. ಸುಡುಬಿಸಿಲಿನ ಮಧ್ಯಾಹ್ನ, ಮಂದೆ ಕ್ಯಾತಣ್ಣನ ತಮ್ಮನ ಜೊತೆ ಬೋರನಕಣಿವೆ ಕಡೆ ಮೇಯಲು ಹೋಗಿತ್ತು. ಕಾಲು ಊದಿಕೊಂಡಿದ್ದ ಕ್ಯಾತಣ್ಣ ರೊಪ್ಪದ ಪಕ್ಕದ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ. ಒಳಗೆ ಬೋರಲು ಹಾಕಿದ ದೊಡ್ಡ ಬಿದಿರು ಗೂಡೆಯ ಕೆಳಗೆ ಎಳೆಮರಿಗಳು ಕೂಗುತ್ತಿದ್ದವು.

"ಇದು ನಿಮ್ಮದಾ ತಾತ?"

"ನೆಲ ಶಿವಮೂರ್ತಣ್ಣಂದು, ಏಕಾಂತಯ್ಯನೋರ ಮಗಂದು. ರೊಪ್ಪ ನಮ್ದು ಕಣವ್ವ."

"ಬಾಡಿಗೆಗಾ? ಗುತ್ತಿಗೆಗಾ?"

"ಎರಡೂ ಅಲ್ಲ."

ಟ್ಯಾಬಿನಲ್ಲಿ ಎರಡೂ ಅಲ್ಲದ್ದಕ್ಕೆ ಜಾಗವಿರಲಿಲ್ಲ. ಅವಳು ತುಟಿ ಕಚ್ಚಿಕೊಂಡು ಮುಂದಿನ ಪ್ರಶ್ನೆಗೆ ಹೋದಳು. "ಕುರಿ ಎಷ್ಟಿವೆ?"

"ನಾಲ್ಕೈದವೆ ಕಣವ್ವ."

ಅವಳು ಬಗ್ಗಿ ಗೂಡೆಯ ಸಂದಿಯಿಂದ ನೋಡಿದಳು. ಒಳಗೆ ನಿಜವಾಗಿಯೂ ಐದೇ ಮರಿಗಳಿದ್ದವು. ಬೆರಳಿನಿಂದ ಐದು ಎಂದು ಒತ್ತಿದಳು. ಕ್ಯಾತಣ್ಣ ಅವಳಿಗೆ ಮಜ್ಜಿಗೆ ಕೊಟ್ಟು ಕಳಿಸಿದ. ಒಳ್ಳೆ ಹುಡುಗಿ, ಮುಳ್ಳು ಚುಚ್ಚಿಸಿಕೊಂಡರೂ ಬೈಯಲಿಲ್ಲ ಎಂದು ಹೆಂಡತಿ ಚಿತ್ತಮ್ಮನ ಹತ್ತಿರ ಹೇಳಿಯೂ ಹೇಳಿದ.

ನಾಲ್ಕು ತಿಂಗಳು ಕಳೆದವು. ಒಂದು ದಿನ ಶಿವಮೂರ್ತಿ ಹೇಳಿಕಳಿಸಿದ. ಕ್ಯಾತಣ್ಣ ಹೋದಾಗ ಅವನು ಅಟ್ಟದ ಮೇಲಿದ್ದ. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಿಟಕು ಕಳಚಿ ಲೊಟಗುಟ್ಟಿದವನ್ನು ಮಾತ್ರ ಕೆಳಗೆ ಎಸೆಯುತ್ತಿದ್ದ.

"ಕ್ಯಾತಣ್ಣ, ಪಂಚಾಯ್ತಿ ಗೋಡೆ ಮೇಲೆ ನಕ್ಷೆ ಅಂಟ್ಸವ್ರೆ, ನೋಡ್ದ್ಯಾ?"

"ನೋಡ್ದೆ. ಬಣ್ಣ ಬಣ್ಣದ್ದು. ಚಂದಾಗೈತೆ."

"ಚಂದಾಗೈತಂತೆ! ನಿನ್ ರೊಪ್ಪಕ್ಕೆ ಹಳದಿ ಬಳ್ದವ್ರೆ ಕಣಯ್ಯ."

"ಹಳದಿ ಅಂದ್ರೆ ಒಣಗಿದ ಹುಲ್ಲಾ?"

ಶಿವಮೂರ್ತಿ ಅಟ್ಟದಿಂದ ಇಳಿದು ಬಂದ. ನಾರು ಮೆತ್ತಿದ ಕೈ ಒರೆಸಿಕೊಂಡು ವಿವರಿಸಿದ. ತೋಟಕ್ಕೆ ಹಸಿರು, ಅದು ಬೇಸಾಯದ ವಲಯ. ದಿಣ್ಣೆಗೆ ಹಳದಿ, ಅದು ವಾಸದ ವಲಯ, ಮುಂದೆ ಮನೆಗಳೇಳುವ ಜಾಗ. ಐವತ್ತಕ್ಕಿಂತ ಹೆಚ್ಚು ಕುರಿಯಿದ್ದರೆ ಅದನ್ನು ಹಾಲಿ ಬಳಕೆ ಎಂದು ಗುರುತು ಹಾಕಿ ಹಾಗೇ ಬಿಡುತ್ತಾರೆ. ಐದು ಕುರಿಯ ರೊಪ್ಪ ಅವರ ಲೆಕ್ಕದಲ್ಲಿ ಖಾಲಿ ಜಾಗ. ಯೋಜನೆ ಜಾರಿಯಾದ ದಿನದಿಂದ ನೋಂದಣಿಯಿಲ್ಲದ ಹಳೆಯ ಬಳಕೆ ಒಪ್ಪಂದಗಳಿಗೆ ಬೆಲೆಯಿಲ್ಲ. ಆಕ್ಷೇಪಣೆ ಇದ್ದರೆ ಬರುವ ಗುರುವಾರ ವಿಚಾರಣೆ.

"ನಮ್ಮಪ್ಪ ನಿಮ್ಮಪ್ಪ ಮಾತಾಡ್ಕೊಂಡಿದ್ದು?"

"ಅದು ನಕ್ಷೆಗೆ ಕೇಳ್ಸಲ್ಲ ಕಣಯ್ಯ."

"ನೀನೇನಂತೀಯ ಶಿವಮೂರ್ತಣ್ಣ?"

ಶಿವಮೂರ್ತಿ ರಾಶಿಯಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿ ಕೆಳಗಿಟ್ಟ. "ನಂಗೂ ಏನೂ ತೋಚ್ತಿಲ್ಲ. ಹಳದಿ ಆದ್ರೆ ಒಳ್ಳೇದು ಅಂತ ಎಲ್ರೂ ಹೇಳ್ತಾರೆ. ಏನ್ ಒಳ್ಳೇದು ಅಂದ್ರೆ ಯಾರೂ ಬಾಯಿ ಬಿಡಲ್ಲ. ಕಲ್ದಿಣ್ಣೆ ಮೇಲೆ ಯಾರ್ ಬಂದು ಮನೆ ಕಟ್ತಾರೆ? ಕಟ್ಟಿದ್ರೆ ಅವ್ರ ಬಚ್ಚಲ ನೀರು ಹರಿಯೋದು ನನ್ ತೋಟಕ್ಕೇನೆ. ನಿನ್ ಗೊಬ್ಬರ ಇಲ್ದಿದ್ರೆ ಮರಗಳು ಸೊರಗ್ತವೆ. ಐದು ವರ್ಸಕ್ಕೆ ಒಪ್ಗೆ ಅಂತ ಸೈನ್ ಹಾಕ್ಕೊಡ್ತೀನಿ. ಆಮೇಲಿಂದು ಆಮೇಲೆ."

"ಹಂಗಾರೆ ನಾನೇನ್ ಮಾಡ್ಬೇಕು?"

"ಹೋಗಿ ಕುರಿ ಎಷ್ಟವೆ ಅಂತ ಸರಿಯಾಗಿ ಹೇಳ್ಬೇಕು, ಅಷ್ಟೇಯ."

ಅಷ್ಟೇಯ ಎಂಬ ಮಾತನ್ನು ಹೊತ್ತುಕೊಂಡು ಕ್ಯಾತಣ್ಣ ಹಟ್ಟಿಗೆ ಬಂದ.

ಚಿತ್ತಮ್ಮ ರಾಗಿ ಕೇರುತ್ತಿದ್ದವಳು ವಿಷಯ ಕೇಳಿ ಮೊರ ಕೆಳಗಿಟ್ಟಳು. "ನಿಮ್ಮಪ್ಪ ಹೇಳಿ ಏನಾಯ್ತು ಅಂತ ಮರ್ತ್ಯಾ? ಅಲ್ಲಿ ಲೆಕ್ಕ ಒಪ್ಸಿ ಬಂದ್ರೆ ಈ ಬಾಗ್ಲಿಗೆ ಬರ್ಬ್ಯಾಡ."

"ಹೇಳ್ದಿದ್ರೆ ರೊಪ್ಪ ಹೋಯ್ತದೆ ಕಣೇ."

"ಹೇಳುದ್ರೆ ಕುರಿ ಹೋಯ್ತವೆ. ಕುರಿ ಇಲ್ದ ರೊಪ್ಪದಾಗೆ ನೀನು ಮನಿಕ್ಕತ್ಯಾ?"

"ಲೇ, ನಂಗೆ ಎಷ್ಟವೆ ಅಂತಾನೇ ಗೊತ್ತಿಲ್ವಲ್ಲೇ."

"ಅದೊಂದು ಒಳ್ಳೇ ಕೆಲ್ಸ ಮಾಡಿದ್ದೀಯ. ಹಂಗೇ ಇರು."

ಗುರುವಾರ ಬಂತು. ವಿಚಾರಣೆ ನಡೆದದ್ದು ಪೇಟೆಯ ಒಂದು ಸಮುದಾಯ ಭವನದಲ್ಲಿ. ಹಿಂದಿನ ದಿನದ ಯಾರದೋ ಮದುವೆಯ ಬಾಳೆಕಂಬಗಳು ಬಾಗಿಲಲ್ಲಿ ಇನ್ನೂ ಬಾಡುತ್ತಿದ್ದವು. ಮುಂದೆ ಮೇಜು, ಮೇಜಿನ ಹಿಂದೆ ಅಧಿಕಾರಿ ಮೋಹನ್ ಕುಮಾರ್, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಸ್ಪಂದನ. ಐವತ್ತು ಅರವತ್ತು ಜನ ಅರ್ಜಿ ಹಿಡಿದು ಕುರ್ಚಿಗಳಲ್ಲಿ ಬೆವರುತ್ತಿದ್ದರು. ಒಬ್ಬನ ಬಾವಿ ರಸ್ತೆಯಾಗಿತ್ತು. ಇನ್ನೊಬ್ಬನ ಕಣ ಉದ್ಯಾನವನವಾಗಿತ್ತು. ಉದ್ಯಾನವನದವನು ಸಿಟ್ಟು ಮಾಡಿಕೊಳ್ಳಬೇಕೋ ಖುಷಿ ಪಡಬೇಕೋ ತಿಳಿಯದೆ ಎಲ್ಲರಿಗೂ ನಕ್ಷೆಯ ಫೋಟೋ ತೋರಿಸುತ್ತಿದ್ದ.

ಕ್ಯಾತಣ್ಣನ ಸರದಿ ಬಂತು. ಶಿವಮೂರ್ತಿಯ ಒಪ್ಪಿಗೆ ಪತ್ರವನ್ನು ಮೇಜಿನ ಮೇಲಿಟ್ಟು ನಿಂತ.

ಮೋಹನ್ ಕುಮಾರ್ ಪತ್ರ ಓದಿ, ಪರದೆ ನೋಡಿದರು. "ಸರ್ವೇಯಲ್ಲಿ ಐದು ಕುರಿ ಅಂತ ಇದೆಯಲ್ಲ. ನೀವೇ ಹೇಳಿರೋದಾ?"

"ಹೂಂ ಸಾ."

"ಈಗ ಎಷ್ಟು?"

"ಅವೆ ಸಾ."

"ಅವೆ ಅಂದ್ರೆ?"

"ಸುಮಾರಾಗವೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಧಿಕಾರಿಗೆ ಬೈಯುವ ಸ್ವಭಾವವಿರಲಿಲ್ಲ, ಆದರೆ ಇನ್ನೂ ನಲವತ್ತು ಅರ್ಜಿ ಬಾಕಿಯಿದ್ದವು. "ನೋಡಿ, ನಿಮಗೆ ಸಹಾಯ ಮಾಡೋಕೇ ಕೇಳ್ತಿರೋದು. ಐವತ್ತು ದಾಟಿದ್ರೆ ನಿಮ್ಮ ಜಾಗ ಉಳಿಯುತ್ತೆ. ಸಂಖ್ಯೆ ಹೇಳಿ ಸಾಕು."

ಕ್ಯಾತಣ್ಣ ಎರಡೂ ಕಡೆ ತೂಗಿ ನೋಡಿದ. ಸುಳ್ಳು ಸಂಖ್ಯೆ ಹೇಳೋಣವೆಂದರೆ ಅದೂ ಸಂಖ್ಯೆಯೇ. ಹೇಳದೆ ಹೋಗೋಣವೆಂದರೆ ದಿಣ್ಣೆ ಹೋಗುತ್ತದೆ. ಸ್ಪಂದನ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಗೂಡೆಯೊಳಗೆ ಬಗ್ಗಿ ನೋಡಿ ಐದು ಎಂದು ಒತ್ತಿದ್ದು ಅವಳಿಗೆ ನೆನಪಾದಂತಿತ್ತು. ಮುಖ ಕೆಂಪಾಗಿತ್ತು.

"ತಾತ, ಎಣ್ಸಿ ಹೇಳ್ಬಾರ್ದು ಅಂತಾನಾ ನಿಮ್ಮಲ್ಲಿ?" ಎಂದು ಮೆಲ್ಲಗೆ ಕೇಳಿದಳು. "ನಮ್ಮಜ್ಜಿನೂ ಕೋಳಿಮರಿ ಎಣ್ಸೋಕೆ ಬಿಡ್ತಿರ್ಲಿಲ್ಲ."

"ಹೂಂ ಕಣವ್ವ. ಯಾವ್ಯಾವು ಅವೆ ಅಂತ ಬೇಕಾರೆ ಹೇಳ್ತೀನಿ. ಎಷ್ಟವೆ ಅಂತ ಕೇಳ್ಬೇಡಿ."

ಅಧಿಕಾರಿ ಗಡಿಯಾರ ನೋಡಿದರು. ಸ್ಪಂದನ ಅವರ ಕಿವಿಯಲ್ಲಿ ಏನೋ ಅಂದಳು. ಅವರು ಕೈ ಬೀಸಿದರು, ಏನಾದರೂ ಮಾಡಿಕೊಳ್ಳಿ ಎಂಬಂತೆ.

ಕ್ಯಾತಣ್ಣ ಕಣ್ಣು ಮುಚ್ಚಿದ. ಕೈಯಲ್ಲಿ ಕೋಲಿರಲಿಲ್ಲ, ಇದ್ದಂತೆ ಹಿಡಿದ. ಶುರು ಮಾಡಿದ.

"ಬಿಳಿಕಿವಿ. ಬಿಳಿಕಿವಿ ಮಗಳು ಕೆಂಚಿ. ಸುಟ್ಟಮೂತಿ. ಮೋಟುಬಾಲದೋನು. ಕುಂಟಿ. ಮುದುಕಿ ಬೋರಿ. ಬೋರಿ ತಂಗಿ ಹಂಡಿ. ಪಂಚೆ ತಿಂದೋನ ಮರಿಮಗ. ಕಣಿವೇಲಿ ಹುಟ್ಟಿದೋಳು. ಬಸ್ಸಿಗೆ ಸಿಕ್ಕಿ ಉಳ್ದೋಳು..."

ಸ್ಪಂದನ ಒಂದೊಂದೇ ಟೈಪು ಮಾಡಿದಳು. ಮೊದಲ ಹತ್ತು ಹೆಸರಿಗೆ ಜನ ನಕ್ಕರು. ಮೂವತ್ತಕ್ಕೆ ಹೊತ್ತಾಯಿತೆಂದು ಗೊಣಗಿದರು. ಆಮೇಲೆ ಯಾಕೋ ಸದ್ದಡಗಿತು. "ಇವ್ನಿಗೆ ಹೆಂಡ್ತಿ ಹೆಸ್ರಾದ್ರೂ ನೆಪ್ಪೈತೇನ್ಲಾ?" ಎಂದು ಒಬ್ಬ ಪಕ್ಕದವನನ್ನು ಕೇಳಿದ. ಪಕ್ಕದವನು ಸುಮ್ಮನಿರೋ ಎಂದು ಗದರಿದ. ಕ್ಯಾತಣ್ಣ ಎರಡು ಕಡೆ ತಡೆದ. ಒಂದು ಕಡೆ ಹಿಂದಕ್ಕೆ ಹೋಗಿ ಬಿಟ್ಟುಹೋದವಳನ್ನು ಸೇರಿಸಿದ. ಕಡೆಗೆ ಕಣ್ಣು ತೆರೆದು, "ಇಷ್ಟೇ ಸಾ" ಎಂದ. ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಪರದೆಯ ಕೊನೆಯ ಸಾಲಿನ ಸಂಖ್ಯೆಯನ್ನು ಅಧಿಕಾರಿ ಓದಲು ಬಾಯಿ ತೆರೆದರು. ಕ್ಯಾತಣ್ಣ ಹೆಗಲ ಮೇಲಿನ ಟವೆಲನ್ನು ಎರಡೂ ಕಿವಿಗೆ ಒತ್ತಿಕೊಂಡ. ಅವರು ಅವನನ್ನೊಮ್ಮೆ ನೋಡಿ ಬಾಯಿ ಮುಚ್ಚಿದರು. ಬೆರಳೆತ್ತಿ, ಆಯಿತು ಎಂದು ಸನ್ನೆ ಮಾಡಿದ ಮೇಲೆ ಅವನು ಟವೆಲು ಕೆಳಗಿಳಿಸಿದ.

"ಐವತ್ತು ದಾಟಿದೆ. ಒಪ್ಪಿಗೆ ಪತ್ರದ ಪ್ರಕಾರ ಐದು ವರ್ಷ ಹಾಲಿ ಬಳಕೆ ಅಂತ ಗುರುತು ಹಾಕ್ತೀವಿ. ಆದ್ರೆ ಒಂದು ಷರತ್ತು. ಹಾಲಿ ಬಳಕೆ ಅಂದ್ರೆ ಹಾಲಿ ಇರೋದು. ಅದನ್ನ ವಿಸ್ತರಿಸೋ ಹಾಗಿಲ್ಲ. ಈ ಪಟ್ಟೀಲಿ ಇರೋ ಕುರಿಗಳು ಮಾತ್ರ."

ಕ್ಯಾತಣ್ಣ ಮೇಜಿನ ಹತ್ತಿರಕ್ಕೆ ಸರಿದ. "ಮರಿ ಹಾಕುದ್ರೆ ಸಾ?"

"ಅದು ವಿಸ್ತರಣೆ ಆಗುತ್ತೆ."

"ಈಗ್ಲೇ ಹೊಟ್ಟೇಲಿರೋವು?"

ಮೋಹನ್ ಕುಮಾರ್ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ನಿಯಮದ ಪುಸ್ತಕದಲ್ಲಿ ಕಾರ್ಖಾನೆಯ ಶೆಡ್ಡು ದೊಡ್ಡದಾದರೆ ಏನು, ಅಂಗಡಿಯ ಮೇಲೆ ಮಹಡಿ ಎದ್ದರೆ ಏನು ಎಂದೆಲ್ಲ ಇತ್ತು. ಹೊಟ್ಟೆಯ ವಿಷಯ ಇರಲಿಲ್ಲ. "ಪಟ್ಟೀಲಿ ಇರೋ ಹೆಸರು ಅಷ್ಟೇ" ಎಂದರು, ಈ ಸಲ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಒಂದಿಪ್ಪತ್ತು ಮಾರುದ್ರೆ?"

"ಕಡಿಮೆಯಾಗಿ ಐವತ್ತರ ಕೆಳಗೆ ಇಳಿದ್ರೆ ಗುರುತು ರದ್ದಾಗುತ್ತೆ."

"ಹಂಗಾರೆ ಹೆರೋ ಹಂಗೂ ಇಲ್ಲ, ಮಾರೋ ಹಂಗೂ ಇಲ್ಲ, ಸಾಯೋ ಹಂಗೂ ಇಲ್ಲ. ಇದನ್ನ ಕುರಿಗೆ ಯಾರ್ ಹೇಳ್ತಾರೆ ಸಾ?"

ಭವನದಲ್ಲಿ ನಗು ಎದ್ದಿತು. ಕ್ಯಾತಣ್ಣ ತಮಾಷೆಗೆ ಕೇಳಿರಲಿಲ್ಲ. ಅವನಿಗೆ ನಿಜವಾಗಿ ಉತ್ತರ ಬೇಕಿತ್ತು. ಮುಂದಿನವರನ್ನು ಕರೆದರು.

ಹಟ್ಟಿಗೆ ಬಂದವನು ಗೆದ್ದೆನೋ ಸೋತೆನೋ ತಿಳಿಯದೆ ಜಗಲಿಯ ಮೇಲೆ ಕೂತ. ಚಿತ್ತಮ್ಮ ಬಾಗಿಲಿಗೆ ಅಡ್ಡ ನಿಂತು ಮೊದಲು ಕೇಳಿದ್ದು ಒಂದೇ. "ಹೇಳ್ದ್ಯಾ?"

"ಇಲ್ಲ ಕಣೇ. ಹೆಸ್ರು ಹೇಳ್ದೆ. ಎಷ್ಟಾಯ್ತು ಅಂತ ನಾನು ಕೇಳಿಸ್ಕಳ್ಲಿಲ್ಲ."

ಅವಳು ದಾರಿ ಬಿಟ್ಟಳು. ಅನ್ನ ಇಟ್ಟಳು. ಅವನು ಷರತ್ತು ವಿವರಿಸುತ್ತ ಹೋದಂತೆ ಅವಳ ಕೈಯಲ್ಲಿದ್ದ ಸೌಟು ನಿಂತಿತು. ಬಹಳ ಹೊತ್ತು ಯೋಚಿಸಿದವಳಂತೆ ಕಾಣಲಿಲ್ಲ. "ಹೆಸ್ರು ತಾನೆ ಬರ್ಕೊಂಡಿರೋದು? ಫೋಟೋ ಹಿಡ್ದಿಲ್ವಲ್ಲ?"

"ಇಲ್ಲ."

"ಹಂಗಾರೆ ಉಣ್ಣು ಸುಮ್ಕೆ."

ಆ ಚಳಿಗಾಲ ಕುಂಟಿ ಸತ್ತಳು, ವಯಸ್ಸಾಗಿತ್ತು. ಅದೇ ವಾರ ಕೆಂಚಿ ಈದಳು. ಮರಿ ಹುಟ್ಟಿದ ಗಳಿಗೆಯಿಂದ ನಾಲ್ಕು ಕಾಲಲ್ಲೂ ಚಿಮ್ಮುವ ಹೆಣ್ಣುಮರಿ. ಚಿತ್ತಮ್ಮ ಅದನ್ನು ಎತ್ತಿಕೊಂಡು ಬಂದು, "ಇವ್ಳು ಕುಂಟಿ" ಎಂದಳು. ಕ್ಯಾತಣ್ಣ ಮರಿಯ ಕಾಲು ನೋಡಿದ. ಹೆಂಡತಿಯ ಮುಖ ನೋಡಿದ. ಸಂತೆಗೆ ಹೊಡೆದು ಮಾರಿದ ಮೋಟುಬಾಲದವನ ಹೆಸರು ಉದ್ದಬಾಲದ ಒಂದು ಮರಿಗೆ ಹೋಯಿತು. ಮರಿಗಳು ಹೆಚ್ಚಿ, ಸತ್ತವರ ಹೆಸರು ಸಾಲದೆ ಬಂದಾಗ ಬದುಕಿರುವವರ ಹೆಸರನ್ನೇ ಹಂಚಿದಳು. ಮುದುಕಿ ಬೋರಿಯ ಹೆಸರಲ್ಲಿ ಮೂವರಾದರು, ಅವರಲ್ಲಿ ಇಬ್ಬರಿಗೆ ಇನ್ನೂ ಹಾಲುಹಲ್ಲು. ಐವತ್ತು ವರ್ಷ ಮುಖ ನೋಡಿ ಹೆಸರು ಕರೆದ ಮನುಷ್ಯ ರೊಪ್ಪದ ಬಾಯಲ್ಲಿ ತಡವರಿಸತೊಡಗಿದ. ಕುಂಟಿ ಎಂದರೆ ಕಣ್ಣಿಗೆ ಸತ್ತವಳು ಬರುತ್ತಾಳೆ, ಕಾಲಿಗೆ ಚಿಮ್ಮುವವಳು ಡಿಕ್ಕಿ ಹೊಡೆಯುತ್ತಾಳೆ.

ವಿಚಾರಣೆಯಾಗಿ ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಮಂದೆ ಬಿಡುವ ಮುಂಚೆ, ಸ್ಪಂದನ ಪಟ್ಟಿ ಹಿಡಿದು ತಪಾಸಣೆಗೆ ಬಂದಳು. ಬೇಲಿಯ ಹೊರಗೆ ನಿಂತು ಒಂದೊಂದೇ ಕರೆದಳು. ಕ್ಯಾತಣ್ಣ ಕೈತೋರಿಸಿದ.

"ಬಿಳಿಕಿವಿ?"

"ಅಕೋ, ಅಲ್ಲಿ."

"ಕುಂಟಿ?"

ಕ್ಯಾತಣ್ಣ ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ಚಿತ್ತಮ್ಮ ಮರಿಯನ್ನು ಮುಂದಕ್ಕೆ ತಳ್ಳಿದಳು. ಅದು ಒಂದು ಕಲ್ಲು ಹಾರಿ, ತಿರುಗಿ, ಇನ್ನೊಂದು ಹಾರಿತು.

"ಇದು ಕುಂಟಿನಾ?" ಸ್ಪಂದನ ಕೇಳಿದಳು.

"ಹೂಂ ಕಣವ್ವ. ಕುಂಟಿ."

"ಕುಂಟೋದೇ ಇಲ್ಲ?"

"ವಾಸಿಯಾಗೈತೆ" ಎಂದಳು ಚಿತ್ತಮ್ಮ.

ಸ್ಪಂದನ ಮರಿಯನ್ನು ನೋಡಿದಳು, ಆಮೇಲೆ ಚಿತ್ತಮ್ಮನನ್ನು. ಹೆಸರಿನ ಮುಂದೆ ಸರಿ ಎಂದು ಗೀಟು ಹಾಕಿದಳು. ಮುದುಕಿ ಬೋರಿ ಎಂದಾಗ ಮೂವರು ಬಂದರು. "ಯಾವ್ದು ಬೇಕೋ ಅದನ್ನ ಬರ್ಕೊ ತಾಯಿ" ಎಂದಳು ಚಿತ್ತಮ್ಮ. ಸ್ಪಂದನ ಒಂದನ್ನು ಬರೆದುಕೊಂಡಳು. ಪಟ್ಟಿ ಮುಗಿದ ಮೇಲೂ ರೊಪ್ಪದಲ್ಲಿ ಕುರಿಗಳು ಉಳಿದಿದ್ದವು. ಅವು ಅವಳ ಕಣ್ಣಿಗೆ ಬೀಳಲಿಲ್ಲವೋ, ಬೀಳದಂತೆ ನೋಡಿದಳೋ ಕ್ಯಾತಣ್ಣನಿಗೆ ತಿಳಿಯಲಿಲ್ಲ. ಕಾಗದದ ಕೆಳಗೆ "ಪಟ್ಟಿ ತಾಳೆಯಾಗಿದೆ" ಎಂದು ಬರೆದು ಅವನ ಸಹಿಗೆ ಕೊಟ್ಟಳು.

ಕ್ಯಾತಣ್ಣ ಎರಡನೇ ಕ್ಲಾಸಿನಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಇಟ್ಟ. ಪೆನ್ನು ವಾಪಸು ಕೊಡದೆ ಹಿಡಿದುಕೊಂಡೇ ಕೇಳಿದ. "ಅವ್ವಾ, ಒಂದ್ ಮಾತು. ಈಗ ಈ ದಿಣ್ಣೆ ಯಾರ್ದು? ಶಿವಮೂರ್ತಣ್ಣಂದಾ, ನಿಮ್ಮ ಆಪೀಸಿಂದಾ, ಇಲ್ಲಾ ಆ ಪಟ್ಟೀಲಿರೋ ಹೆಸ್ರುಗಳ್ದಾ?"

ಅವಳು ನಕ್ಷೆ ತೆಗೆದು ನೋಡಿದಳು. ಹಳದಿಯ ನಡುವೆ ಒಂದು ಕಪ್ಪು ಚುಕ್ಕೆ, ಪಕ್ಕದಲ್ಲಿ ಸಣ್ಣಕ್ಷರ. "ನಂಗೂ ಸರಿಯಾಗಿ ಗೊತ್ತಿಲ್ಲ ತಾತ. ಖಾಲಿ ಕಂಡ್ರೆ ಮಾತ್ರ ತಕ್ಷಣ ಬಣ್ಣ ಬಳೀತಾರೆ. ನೀವು ಬೇಲಿ ಕೀಳ್ಬೇಡಿ, ಅಷ್ಟೇ."

ಅವಳ ಸ್ಕೂಟರು ತೋಟದ ತಿರುವಿನಲ್ಲಿ ಮರೆಯಾಯಿತು. ಕ್ಯಾತಣ್ಣನಿಗೆ ಅಷ್ಟು ಮಾತಿನಲ್ಲಿ ಅರ್ಥವಾಗಿದ್ದು ಕೊನೆಯದೊಂದೇ. ಮಚ್ಚು ತೆಗೆದುಕೊಂಡು, ಬೇಲಿಗೆ ಇನ್ನೆರಡು ಜಾಲಿಕೊಂಬೆ ಕಡಿದು ತರಲು ಹಳ್ಳದ ಕಡೆ ಹೊರಟ.